ಲಾರಿಗೆ ಉಸಿರು ಕಟ್ಟಿದ್ದು ಎಲ್ಲಿ?

ಮೂತಿಯ ಮೇಲೆ ಬೆಂಝ್ ನಕ್ಷತ್ರ ಹೊತ್ತ ಟಾಟಾ ಲಾರಿಗಳನ್ನು ನನ್ನ ವಯಸ್ಸಿನವರು ಹಳೆಯ ಸಿನಿಮಾಗಳಲ್ಲಷ್ಟೇ ನೋಡಿರುತ್ತೇವೆ. 1954ರಲ್ಲಿ ಟಾಟಾ ಮತ್ತು ಜರ್ಮನಿಯ ಡೈಮ್ಲರ್-ಬೆಂಝ್ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಈ ಲಾರಿಗಳನ್ನು ಕಟ್ಟಲು ಶುರು ಮಾಡಿದವು. 1969ರಲ್ಲಿ ಒಪ್ಪಂದ ಮುಗಿಯಿತು, ನಕ್ಷತ್ರದ ಜಾಗಕ್ಕೆ ಟಾಟಾದ ‘ಟಿ’ ಬಂತು.

ಅಂಥ ನಕ್ಷತ್ರದ ಲಾರಿಯೊಂದು ಪುಣೆಯ ಭೋಸರಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಅಂಗಳದಲ್ಲಿದೆ. ಮನೆಯ ಯಜಮಾನರಿಗೆ ಎಪ್ಪತ್ತೆಂಟು. ಅವರ ತಂದೆ ಕೊಂಡು, ಇವರು ಮೂವತ್ತು ವರ್ಷ ಓಡಿಸಿ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು ಇದರಿಂದಲೇ. ಈಗ ಬಾಡಿಗೆ ಓಡುವುದಿಲ್ಲ. ದಸರೆಗೊಮ್ಮೆ ಹೂವಿನ ಹಾರ ಹಾಕಿಕೊಂಡು ಸಾತಾರಾ ಕಡೆಯ ಅವರ ಊರಿಗೆ ಹೋಗಿ ಬರುತ್ತದೆ.

ಕಳೆದ ವರ್ಷ ಅದು ಕಾತ್ರಜ್ ಘಾಟ್ ಹತ್ತಲೇ ಇಲ್ಲ. ಅಂಗಳದಲ್ಲಿ ಗಂಟೆಗಟ್ಟಲೆ ಚಾಲೂ ಇಟ್ಟರೂ ತಕರಾರಿಲ್ಲ. ರಸ್ತೆಗಿಳಿದು ಏರು ಸಿಕ್ಕಿತೋ, ಅರ್ಧ ಗಂಟೆಯೊಳಗೆ ಎಳೆತ ಕಳೆದುಕೊಂಡು ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಮತ್ತೆ ಚಾಲೂ. ಎರಡು ಗ್ಯಾರೇಜುಗಳಲ್ಲಿ ಬಂದ ಉತ್ತರ ಒಂದೇ: ಡೀಸೆಲ್ ಪಂಪ್ ಸವೆದಿದೆ, ಬಿಡಿಭಾಗ ಸಿಗುವುದು ಕಷ್ಟ, ಗುಜರಿಗೆ ಕೊಡಿ. ಗುಜರಿಯವನು ಬಂದು ದರವನ್ನೂ ಹೇಳಿ ಹೋದ. ಅಜ್ಜ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಆಗ ನಾನು ನಿಗಡಿಯಲ್ಲಿ ಲಾರಿ ಕೆಲಸ ಮಾಡುವ, ವಿಜಯಪುರದ ಇಂಡಿ ಕಡೆಯ ಮೇಸ್ತ್ರಿಯೊಬ್ಬರನ್ನು ಕರೆತಂದೆ. ಹದಿನಾಲ್ಕನೇ ವಯಸ್ಸಿಗೇ ಪುಣೆಗೆ ಬಂದವರು. ನಾನು ಕಾಕಾ ಎನ್ನುತ್ತೇನೆ. ಬಂದವರು ಪಾನಾ ಮುಟ್ಟಲಿಲ್ಲ, ಪ್ರಶ್ನೆ ಕೇಳಿದರು: “ತಮ್ಮಾ, ಇದು ಧಪ್ ಅಂತ ನಿಂದರ್ತದೋ, ದಮ್ ಹತ್ತಿ ನಿಂದರ್ತದೋ?”

ದಮ್ಮು ಹತ್ತಿಯೇ ನಿಲ್ಲುತ್ತದೆ ಎಂದೆ. “ಹಂಗಾದ್ರ ಹೊಟ್ಟಿಗಿ ಸಿಗವಲ್ದು” ಎಂದರು.

ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಬೇಕಿಲ್ಲ. ಒತ್ತಿದ ಗಾಳಿಯ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನಿಂದ ಫೀಡ್ ಪಂಪ್ ಡೀಸೆಲ್ ಎಳೆದು, ಫಿಲ್ಟರ್ ಮೂಲಕ ಡೀಸೆಲ್ ಪಂಪಿಗೆ ತಳ್ಳುತ್ತದೆ. ಅಲ್ಲಿಂದ ಅದು ನಾಝಲ್‌ಗೆ ಹೋಗುತ್ತದೆ. ಫೀಡ್ ಪಂಪಿನ ಆಚೆ ಬಿರುಕಿದ್ದರೆ ಡೀಸೆಲ್ ತೊಟ್ಟಿಕ್ಕಿ ಕಣ್ಣಿಗೆ ಬೀಳುತ್ತದೆ. ಈಚೆ, ಟ್ಯಾಂಕಿನ ಕಡೆ ಬಿರುಕಿದ್ದರೆ ಹನಿಯೂ ಹೊರಬರದೆ ಗಾಳಿ ಒಳಗೆ ಸೇರಿಕೊಳ್ಳಬಹುದು. ಗಾಳಿ ಸ್ಪಂಜಿನಂತೆ ಕುಗ್ಗುವುದರಿಂದ ಪಂಪ್ ಎಷ್ಟು ಒತ್ತಿದರೂ ನಾಝಲ್ ಚಿಮ್ಮುವುದಿಲ್ಲ.

ಕಾಕಾ ಮೊದಲು ಟ್ಯಾಂಕನ್ನೇ ಪಕ್ಕಕ್ಕಿಟ್ಟರು. ಐದು ಲೀಟರಿನ ಕ್ಯಾನಿಗೆ ಡೀಸೆಲ್ ತುಂಬಿ, ಬಿಸಿ ತಾಗದ ಕಡೆ ಎಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ, ಪೈಪನ್ನು ನೇರ ಫೀಡ್ ಪಂಪಿಗೆ ಕೊಟ್ಟರು. ಲಾರಿ ಘಾಟ್ ಹತ್ತಿತು! ಅಂದರೆ ಎಂಜಿನ್, ಫಿಲ್ಟರ್, ಡೀಸೆಲ್ ಪಂಪ್ ಎಲ್ಲವೂ ನಿರಪರಾಧಿಗಳು. ಗುಜರಿಗೆ ಹೊರಟಿದ್ದ ಆ ಪಂಪಿನ ಮೇಲೆ ‘ಮೈಕೋ’ ಎಂದಿತ್ತು. 1951ರಲ್ಲಿ ಶುರುವಾದ, ನಮ್ಮ ಬೆಂಗಳೂರಿನ ಆಡುಗೋಡಿಯ ಕಂಪನಿ.

ಸಾಫ್ಟ್‌ವೇರಿನಲ್ಲಿ ನಾವು ಮಾಡುವುದೂ ಇದನ್ನೇ. ಇಡೀ ವ್ಯವಸ್ಥೆಯನ್ನು ಅರ್ಧಕ್ಕೆ ಕತ್ತರಿಸಿ, ತಪ್ಪು ಯಾವ ಅರ್ಧದಲ್ಲಿದೆ ಎಂದು ನೋಡುತ್ತೇವೆ. ನಮಗೆ ಸಹಾಯಕ್ಕೆ ಲಾಗ್ ಫೈಲುಗಳಿರುತ್ತವೆ, ಕಾಕಾನ ಹತ್ತಿರ ಇದ್ದದ್ದು ಕ್ಯಾನು ಮತ್ತು ಪ್ರಶ್ನೆಗಳು.

ಟ್ಯಾಂಕಿನ ಪೈಪನ್ನು ಮತ್ತೆ ಜೋಡಿಸಿ, ನಡುವೆ ಪಾರದರ್ಶಕ ಟ್ಯೂಬ್ ಹಾಕಿದರು. ಗಾಳಿ ಸೇರುತ್ತಿದ್ದರೆ ಗುಳ್ಳೆ ಕಾಣಬೇಕು. ಕಾಣಲಿಲ್ಲ. ಮತ್ತೆ ಘಾಟ್, ಮತ್ತೆ ಅದೇ ತಿರುವಿನ ಹತ್ತಿರ ದಮ್ಮು. ಲಾರಿ ನಿಂತ ಕ್ಷಣವೇ ಕಾಕಾ ಕೆಳಗಿಳಿದು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಈ ಸಲ ಹತ್ತು ನಿಮಿಷ ಕಾಯಬೇಕಾಗಲಿಲ್ಲ.

ಡೀಸೆಲ್ ಖಾಲಿಯಾದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಹಿಂದಿನ ದಸರೆಗೆ ಅಜ್ಜ ಲಾರಿಗೆ ಹೊಸ ಬಣ್ಣ ಹೊಡೆಸಿದ್ದರು. ಪೇಂಟರ್ ಮುಚ್ಚಳಕ್ಕೂ ಎರಡು ಕೋಟ್ ಕೊಟ್ಟಿದ್ದ. ಅಂಗಳದಲ್ಲಿ ಡೀಸೆಲ್ ಕಡಿಮೆ ಉರಿಯುವುದರಿಂದ ಸಂದುಗಳಿಂದ ನುಸುಳುವ ಗಾಳಿಯೇ ಸಾಕಾಗುತ್ತಿತ್ತು. ಏರಿನಲ್ಲಿ ಸಾಲುತ್ತಿರಲಿಲ್ಲ.

ಸಣ್ಣ ತಂತಿ, ಸ್ವಲ್ಪ ಥಿನ್ನರ್. ಕೆಲಸ ಮುಗಿಯಿತು. ಕಾಕಾ ತೆಗೆದುಕೊಂಡಿದ್ದು ಒಂದು ದಿನದ ಕೂಲಿ. ಗುಜರಿಯವನಿಗೆ ಅಜ್ಜನೇ ಫೋನ್ ಮಾಡಿ ಬರಬೇಡವೆಂದರು.

ನಮ್ಮಲ್ಲಿ ಹಲವರ ಊರುಗಳಲ್ಲಿ ಇನ್ನೂ ಹಳೆಯ ಟ್ರ್ಯಾಕ್ಟರ್, ಹೊಲದ ಡೀಸೆಲ್ ಪಂಪ್‌ಸೆಟ್ ಇವೆ. “ಎಂಜಿನ್ ಹೋಗಿದೆ, ದುಡ್ಡು ಕಳಿಸು” ಎಂದು ಮನೆಯಿಂದ ಫೋನ್ ಬಂದರೆ, ದುಡ್ಡು ಕಳಿಸುವ ಮುನ್ನ ಕೇಳಿ: ಒಮ್ಮೆಲೇ ನಿಲ್ಲುತ್ತದೆಯೋ, ದಮ್ಮು ಹತ್ತಿ ನಿಲ್ಲುತ್ತದೆಯೋ? ಬೇರೆ ಕ್ಯಾನಿನಿಂದ ಡೀಸೆಲ್ ಕೊಟ್ಟರೆ ಓಡುತ್ತದೆಯೋ? ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದಿರಾ?