ಅಳಿಸಿಹೋದ ಲೆಕ್ಕ ಮರಳಿ ಬಂದೀತೇ?

ಮಕ್ಕಳೇ, ಹಿಂದೆ ಅಂಗಡಿಗಳಲ್ಲಿ ಎರಡು ಲೆಕ್ಕದ ಪುಸ್ತಕಗಳಿರುತ್ತಿದ್ದವು. ಆಯಾ ದಿನದ ವ್ಯವಹಾರವನ್ನು ನಡೆದಂತೆಯೇ ಬರೆದಿಡುವುದು ಕಿರ್ದಿ. ಯಾರಿಂದ ಎಷ್ಟು ಬರಬೇಕು ಎಂದು ಹೆಸರು ಹೆಸರಿಗೂ ಬೇರೆಯಾಗಿ ಬರೆಯುವುದು ಖಾತೆ. ಖಾತೆಯ ಹಾಳೆ ಹರಿದುಹೋದರೂ ಯಜಮಾನರು ಗಾಬರಿಯಾಗುತ್ತಿರಲಿಲ್ಲ. ಕಿರ್ದಿ ನೋಡಿ ಮತ್ತೆ ಬರೆದುಕೊಳ್ಳುತ್ತಿದ್ದರು. ಬೇಕಾದರೆ ಅಜ್ಜನನ್ನು ಕೇಳಿ.

ಕಂಪ್ಯೂಟರಿನ ಲೆಕ್ಕವೂ ಹೀಗೆಯೇ. ಬ್ಯಾಂಕಿನ ಹಣ, ರೈಲಿನ ಟಿಕೆಟ್, ಪರೀಕ್ಷೆಯ ಅಂಕ ಇವೆಲ್ಲ ಡೇಟಾಬೇಸ್ ಎಂಬ ದೊಡ್ಡ ಖಾತೆಪುಸ್ತಕದಲ್ಲಿ ಸಾಲುಸಾಲಾಗಿ ಇರುತ್ತವೆ. ಅಲ್ಲಿ ಆಗುವ ಪ್ರತಿ ಬದಲಾವಣೆಯೂ 'ಲಾಗ್' ಎಂಬ ಕಿರ್ದಿಗೆ ಸೇರುತ್ತದೆ. ಯಾವುದೋ ಸಾಲು ತಪ್ಪಿ ಅಳಿಸಿಹೋಯಿತು ಎನ್ನಿ. ಹಿಂದೆ ತೆಗೆದಿಟ್ಟ ಪ್ರತಿಯನ್ನು ತೆರೆದು, ಅಲ್ಲಿಂದ ತಪ್ಪು ನಡೆದ ಕ್ಷಣದ ಮುಂಚಿನವರೆಗೆ ಲಾಗ್‌ನಲ್ಲಿರುವುದನ್ನೆಲ್ಲ ಮತ್ತೆ ಸೇರಿಸಿದರೆ ಆ ಸಾಲು ಮರಳುತ್ತದೆ.

ಆದರೆ ಪ್ರತಿಯೇ ಇಲ್ಲದಿದ್ದರೆ?

ಗಿಟ್‌ಲ್ಯಾಬ್ ಎಂಬ ಕಂಪನಿಯಿದೆ. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೆಲಸವನ್ನು ಅಲ್ಲಿ ಜೋಪಾನವಾಗಿ ಇಡುತ್ತಾರೆ. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್ ಒಬ್ಬರು ಒಂದು ಕಂಪ್ಯೂಟರಿನಲ್ಲಿ ಅಳಿಸಬೇಕಾದುದನ್ನು ಇನ್ನೊಂದರಲ್ಲಿ ಅಳಿಸಿಬಿಟ್ಟರು. ಒಂದೆರಡು ಕ್ಷಣದಲ್ಲೇ ತಪ್ಪು ತಿಳಿದು ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ಮಾಹಿತಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ!

ಪ್ರತಿಗಳನ್ನು ಹುಡುಕಿದರು. ದಿನವೂ ತಾನಾಗಿಯೇ ಪ್ರತಿ ತೆಗೆಯುವ ವ್ಯವಸ್ಥೆಯೇನೋ ಇತ್ತು; ಆದರೆ ಅದು ಕೆಟ್ಟಿತ್ತು. ಪ್ರತಿಗಳಿರಬೇಕಾದ ಜಾಗ ಖಾಲಿ. ಕೆಟ್ಟಿದೆ ಎಂದು ಎಚ್ಚರಿಸಬೇಕಿದ್ದ ಇಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕೈಹಿಡಿದದ್ದು, ಅದೇ ಎಂಜಿನಿಯರ್ ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ತೆಗೆದಿದ್ದ ಒಂದು ಪ್ರತಿ. ಆ ಆರು ಗಂಟೆಗಳಲ್ಲಿ ಡೇಟಾಬೇಸಿಗೆ ಸೇರಿದ್ದು ಹೋಯಿತು, ಉಳಿದದ್ದೆಲ್ಲ ಮರಳಿತು. ಕಂಪನಿ ತಪ್ಪನ್ನು ಮುಚ್ಚಿಡಲಿಲ್ಲ. ದುರಸ್ತಿಯ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು. ಎಲ್ಲಿ ಎಡವಿದೆವು ಎಂದು ವಿವರವಾಗಿ ಬರೆದು ಪ್ರಕಟಿಸಿತು.

ಪ್ರತಿ ತೆಗೆದರಷ್ಟೇ ಸಾಲದು. ಅದು ತೆರೆಯುತ್ತದೆಯೇ ಎಂದು ಆಗಾಗ ನೋಡಬೇಕು. ಅಜ್ಜಿಯ ಫೋನಿನಲ್ಲಿರುವ ಮದುವೆ, ನಾಮಕರಣದ ಫೋಟೊಗಳಿಗೂ ಇದೇ ಮಾತು. ಈ ಭಾನುವಾರ ಅಜ್ಜಿಯ ಪಕ್ಕ ಕೂತು ಅವನ್ನು ಪೆನ್‌ಡ್ರೈವ್‌ಗೆ ಹಾಕಿಕೊಡಿ. ಆಮೇಲೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಒಂದೊಂದೇ ಫೋಟೊವನ್ನು ಅಜ್ಜಿಗೆ ತೋರಿಸಿ. ಪರೀಕ್ಷೆಯೂ ಆಯಿತು, ಒಂದಷ್ಟು ಹಳೆಯ ಕತೆಗಳನ್ನು ಕೇಳಿದಂತೆಯೂ ಆಯಿತು.