ಕೀರ್ತಿಯೋ, ಕಿಸೆಯೋ?

1991ರ ವಸಂತದಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರ ಕೀರ್ತಿ ನಡುಹಗಲಿನ ಸೂರ್ಯನಂತೆ ಬೆಳಗುತ್ತಿತ್ತು. ಇರಾಕಿನ ಹಿಡಿತದಿಂದ ಕುವೈತನ್ನು ಬಿಡಿಸಿದ ವೀರನೆಂದು ಜನರು ಅವರನ್ನು ಕೊಂಡಾಡಿದರು. ಗ್ಯಾಲಪ್ ಸಂಸ್ಥೆಯ ಜನಾಭಿಪ್ರಾಯ ಸಂಗ್ರಹದಲ್ಲಿ ನೂರಕ್ಕೆ 89 ಮಂದಿ ಅವರ ಆಡಳಿತವನ್ನು ಮೆಚ್ಚಿದ್ದರು. ಇಪ್ಪತ್ತು ತಿಂಗಳು ಕಳೆಯುವಷ್ಟರಲ್ಲಿ, 1992ರ ನವೆಂಬರಿನಲ್ಲಿ, ಅವರಿಗೆ ದೊರೆತ ಮತ ನೂರಕ್ಕೆ 38ನ್ನೂ ಮುಟ್ಟಲಿಲ್ಲ. ಅರ್ಕಾನ್ಸಾದ ಗವರ್ನರ್ ಬಿಲ್ ಕ್ಲಿಂಟನ್ ಅಧ್ಯಕ್ಷರಾದರು.

ಜನರ ಮನಸ್ಸು ಇಷ್ಟು ಬೇಗ ತಿರುಗಿದ್ದೇಕೆ? ಕಾರಣ ರಣರಂಗದಲ್ಲಿರಲಿಲ್ಲ, ಮನೆಯಲ್ಲಿತ್ತು. 1992ರ ಜೂನಿನಲ್ಲಿ ನಿರುದ್ಯೋಗದ ಪ್ರಮಾಣ ನೂರಕ್ಕೆ 7.8ಕ್ಕೆ ಏರಿತ್ತು. ಹೊಸ ತೆರಿಗೆ ಹಾಕುವುದಿಲ್ಲವೆಂದು 1988ರಲ್ಲಿ ಕೊಟ್ಟ ಮಾತನ್ನು ಬುಷ್ 1990ರಲ್ಲಿ ಮುರಿದಿದ್ದರು. ಕ್ಲಿಂಟನ್ನರ ಪ್ರಚಾರ ಕಚೇರಿಯಲ್ಲಾದರೋ, ಅರ್ಥಸ್ಥಿತಿಯನ್ನು ಮರೆಯಬಾರದೆಂದು ಕಾರ್ಯಕರ್ತರನ್ನು ಎಚ್ಚರಿಸುವ ಫಲಕವೇ ತೂಗುತ್ತಿತ್ತು. ಮೂರನೆಯ ಅಭ್ಯರ್ಥಿ ರಾಸ್ ಪೆರೋ ನೂರಕ್ಕೆ ಸುಮಾರು 19 ಮತಗಳನ್ನು ಸೆಳೆದದ್ದೂ ಜನರ ಅಸಮಾಧಾನದ ಕುರುಹೇ.

ಹಾಗಾದರೆ ಕೀರ್ತಿಗೆ ಬೆಲೆಯಿಲ್ಲವೆ? ಇದೆ. 1956ರಲ್ಲಿ ಐಸೆನ್‌ಹೋವರ್ 48 ರಾಜ್ಯಗಳಲ್ಲಿ 41ನ್ನು ಗೆದ್ದರು. ಆದರೆ ಅದೇ ದಿನ ಅವರ ರಿಪಬ್ಲಿಕನ್ ಪಕ್ಷಕ್ಕೆ ಕಾಂಗ್ರೆಸ್ಸಿನ ಎರಡು ಸಭೆಗಳಲ್ಲಿ ಒಂದೂ ದಕ್ಕಲಿಲ್ಲ. ಮತದಾರರು ಒಲಿದದ್ದು ವ್ಯಕ್ತಿಗೆ, ಪಕ್ಷಕ್ಕಲ್ಲ. ಇನ್ನು ಸುಭಿಕ್ಷವೊಂದೇ ಸಾಲದೆಂಬುದಕ್ಕೆ 2000ದ ಚುನಾವಣೆ ಸಾಕ್ಷಿ. ಕ್ಲಿಂಟನ್ನರ ಕಾಲದ ಸಮೃದ್ಧಿ ಬೆನ್ನಿಗಿದ್ದರೂ, ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚಿನ ಮತಗಳ ಮುನ್ನಡೆ ದೊರೆತರೂ, ಆಲ್ ಗೋರ್ ಚುನಾಯಕರ ಮಂಡಲಿಯ ಎಣಿಕೆಯಲ್ಲಿ 266–271ರಿಂದ ಸೋತರು. ಒಬ್ಬರ ಕಾಲದ ಸುಖ ಮತ್ತೊಬ್ಬರಿಗೆ ಉಂಬಳಿಯಾಗಿ ಬರುವುದಿಲ್ಲ.

ಕಷ್ಟಕಾಲದಲ್ಲಿ ಮಾತ್ರ ತಕ್ಕಡಿ ಕಿಸೆಯ ಕಡೆಗೇ ವಾಲುತ್ತದೆ. 1932ರಲ್ಲಿ ದುಡಿಯುವವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಕೆಲಸವಿಲ್ಲದೆ ಕುಳಿತಿದ್ದಾಗ, ಹೂವರ್ ಅವರನ್ನು ಕೆಳಗಿಳಿಸಿ 42 ರಾಜ್ಯಗಳು ರೂಸ್‌ವೆಲ್ಟರ ಕೈಹಿಡಿದವು. 2024ರಲ್ಲಿ ಬೆಲೆಯೇರಿಕೆಯ ವೇಗ ತಗ್ಗಿತ್ತು, ಆದರೆ ಏರಿದ ಬೆಲೆಗಳು ಇಳಿದಿರಲಿಲ್ಲ. ಆಳುವ ಪಕ್ಷದ ಕಮಲಾ ಹ್ಯಾರಿಸರ ಸೋಲಿಗೆ ಹಲವು ಕಾರಣಗಳಿದ್ದರೂ, ದಿನಸಿಯ ಲೆಕ್ಕವೂ ಅವುಗಳಲ್ಲೊಂದು.

ಬುಷ್ ಅವರ ಕಥೆಗೆ ಒಂದು ಕೊನೆಯ ಮಾತು ಉಳಿದಿದೆ. ಚುನಾವಣೆ ಮುಗಿದ ಮೇಲೆ, 1992ರ ಡಿಸೆಂಬರಿನಲ್ಲಿ, ಅರ್ಥಶಾಸ್ತ್ರಜ್ಞರ ಸಮಿತಿಯೊಂದು ಆರ್ಥಿಕ ಹಿಂಜರಿತವು 1991ರ ಮಾರ್ಚಿಯಲ್ಲೇ ಕೊನೆಗೊಂಡಿತ್ತೆಂದು ಸಾರಿತು! ಪಂಡಿತರ ಲೆಕ್ಕ ತಪ್ಪಲ್ಲ. ಆದರೆ ಕೆಲಸ ಕಳೆದುಕೊಂಡವನಿಗೆ ಕೆಲಸ ಮರಳಿ ಸಿಕ್ಕಿದ ದಿನವೇ ಹಿಂಜರಿತ ಮುಗಿದ ದಿನ. ಮತಪೆಟ್ಟಿಗೆಯ ಮುಂದೆ ನಿಂತವನು ನಂಬುವುದು ಆ ಪಂಚಾಂಗವನ್ನೇ.