ಹೊಸ ಬಾಡಿ ಕೊಳ್ಳುವ ಮುನ್ನ ಕೆಲಗೇರಿ ಕೆರೆಗೊಮ್ಮೆ

ಧಾರವಾಡದ ಪಶ್ಚಿಮ ಅಂಚಿನ ಕೆಲಗೇರಿ ಕೆರೆ ಕ್ಯಾಮೆರಾಗಳಿಗೆ ಕಠಿಣ ಪರೀಕ್ಷೆ ಒಡ್ಡುವ ಜಾಗ. ನೀರಿನ ಮೇಲೆ ಹಬ್ಬಿದ ಜಲಕಳೆಯ ಗಾಢ ಹಸಿರು, ಅದರ ನಡುವೆ ಅಪ್ಪಟ ಬಿಳಿಯ ಬೆಳ್ಳಕ್ಕಿ, ಪಕ್ಕದ ಒಣಕೊಂಬೆಯ ಮೇಲೆ ರೆಕ್ಕೆ ಹರವಿ ಕುಳಿತ ಕರಿಯ ನೀರುಕಾಗೆ. ಬೆಳ್ಳಕ್ಕಿಯ ಗರಿಯ ಎಳೆಗಳು ಉಳಿಯಲೆಂದು ಬೆಳಕು ತಗ್ಗಿಸಿದರೆ ನೀರುಕಾಗೆ ಕಪ್ಪು ಮಚ್ಚೆಯಾಗುತ್ತದೆ. ನೀರುಕಾಗೆಯ ಕಣ್ಣು ಕಾಣಲೆಂದು ಬೆಳಕು ಏರಿಸಿದರೆ ಬೆಳ್ಳಕ್ಕಿ ಸುಣ್ಣ ಬಳಿದಂತಾಗುತ್ತದೆ. ಜನವರಿಯಲ್ಲಿ ಇಲ್ಲಿ ಸೂರ್ಯ ಮೂಡುವುದೇ ಏಳರ ಸುಮಾರಿಗೆ. ಹಕ್ಕಿಗಳು ಚುರುಕಾಗಿರುವುದು ಆ ಮಬ್ಬು ಬೆಳಕಿನಲ್ಲೇ. ಹಾರುವ ಹಕ್ಕಿಯನ್ನು ಹಿಡಿಯಲು ಸೆಕೆಂಡಿನ 1/2000 ಭಾಗದ ಶಟರ್ ಇಟ್ಟುಕೊಂಡರೆ ಐಎಸ್‌ಒ 3200, ಕೆಲವೊಮ್ಮೆ 6400ಕ್ಕೆ ಏರುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಚಿತ್ರದ ತುಂಬ ಕಾಳುಕಾಳಾದ ನಾಯ್ಸ್. ಕ್ಯಾಮೆರಾ ಬಾಡಿ ಬದಲಿಸಬೇಕೆಂಬ ಹುಳ ತಲೆಗೆ ಹೊಗುವುದು ಆಗಲೇ.

ಫಿಲ್ಮ್ ಕಾಲದಲ್ಲಿ ಈ ಸಂಕಟ ಇರಲಿಲ್ಲ. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಕರ್ನಾಟಕದ ಕಾಡುಗಳನ್ನು ಸೆರೆಹಿಡಿಯುತ್ತಿದ್ದಾಗ ಚಿತ್ರದ ಕಾಳು, ಬಣ್ಣ, ನೆರಳಿನ ವಿವರ ಎಲ್ಲವೂ ಫಿಲ್ಮ್ ರೋಲಿನ ಗುಣವಾಗಿದ್ದವು. ರೋಲ್ ಬದಲಿಸಿದರೆ ಹಳೆಯ ಕ್ಯಾಮೆರಾದಲ್ಲೂ ಹೊಸ ಫಲ ಸಿಗುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರ್ ಬಾಡಿಯೊಳಗೇ ಕೂತಿದೆ. ಅದನ್ನಷ್ಟೇ ಬದಲಿಸಲು ಬರುವುದಿಲ್ಲ, ಇಡೀ ಬಾಡಿಯನ್ನೇ ಕೊಳ್ಳಬೇಕು. ಒಳ್ಳೆಯ ಫುಲ್‌ಫ್ರೇಮ್ ಬಾಡಿಯ ಬೆಲೆ ಲಕ್ಷ ದಾಟುವ ಈ ದಿನಗಳಲ್ಲಿ, ಹಣ ಕಟ್ಟುವ ಮೊದಲು ಎರಡು ಬಾಡಿಗಳ ರಾ ಕಡತಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ತೀರ ಅಗತ್ಯ.

ರಾ ಕಡತವೇ ಏಕೆ? ಕ್ಯಾಮೆರಾ ಕೊಡುವ ಜೆಪೆಗ್ ಚಿತ್ರ ಆಗಲೇ ಅಡುಗೆಯಾಗಿ ಬಂದದ್ದು. ನಾಯ್ಸ್ ಒರೆಸಿ, ಅಂಚು ಚೂಪು ಮಾಡಿ, ಬಣ್ಣ ಏರಿಸಿ, ಪ್ರತಿ ಬಣ್ಣಕ್ಕೆ 256 ಹಂತಗಳಿಗೆ ಇಳಿಸಿ ಕೊಟ್ಟಿರುತ್ತದೆ. ಅದರಲ್ಲಿ ಕಾಣುವ ವ್ಯತ್ಯಾಸ ಸೆನ್ಸರಿನದೋ ಕಂಪನಿಯ ಸಾಫ್ಟ್‌ವೇರಿನದೋ ಹೇಳಲಾಗದು. 14 ಬಿಟ್ ರಾ ಕಡತದಲ್ಲಿ 16,384 ಹಂತಗಳಿರುತ್ತವೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಜಾಲರಿಯೇ ಇಂದಿಗೂ ಬಹುತೇಕ ಸೆನ್ಸರ್‌ಗಳ ಮೇಲಿದೆ. ಅದರಲ್ಲಿ ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಆ ಜಾಲರಿಯ ಹಿಂದೆ ಪ್ರತಿ ಪಿಕ್ಸೆಲ್ ಎಷ್ಟು ಬೆಳಕು ಕಂಡಿತೆಂಬ ಲೆಕ್ಕವೇ ರಾ.

ಒಂದು ನಿಜವಾದ ಜೋಡಿಯನ್ನೇ ನೋಡೋಣ. ನಿಕಾನ್ ಡಿ7200 ಬಂದದ್ದು 2015ರಲ್ಲಿ, 24.2 ಮೆಗಾಪಿಕ್ಸೆಲ್. ಮರುವರ್ಷ ಬಂದ ಡಿ500 ಅದಕ್ಕಿಂತ ಎಷ್ಟೋ ದುಬಾರಿ, 20.9 ಮೆಗಾಪಿಕ್ಸೆಲ್. ಹಕ್ಕಿ ಛಾಯಾಗ್ರಹಣದವರಲ್ಲಿ ಡಿ500ಕ್ಕೆ ದೊಡ್ಡ ಹೆಸರು. ಆದರೆ ರಾ ಕಡತಗಳನ್ನು ಅಳೆಯುವ ಫ್ರೆಂಚ್ ಸಂಸ್ಥೆ ಡಿಎಕ್ಸ್‌ಒಮಾರ್ಕ್‌ನ ಲೆಕ್ಕದಲ್ಲಿ ಡಿ7200ರ ಡೈನಾಮಿಕ್ ರೇಂಜ್, ಅಂದರೆ ಒಂದೇ ಚಿತ್ರದಲ್ಲಿ ಹಿಡಿಯಬಲ್ಲ ನೆರಳು-ಬೆಳಕಿನ ಹರವು, 14.6 ಸ್ಟಾಪ್, ಡಿ500ರದು 14. ಮಂದ ಬೆಳಕಿನ ಅಂಕ ಮೊದಲನೆಯದಕ್ಕೆ 1333, ಎರಡನೆಯದಕ್ಕೆ 1324. ಅಂದರೆ ಬೆಳ್ಳಕ್ಕಿ ಮತ್ತು ನೀರುಕಾಗೆ ಒಂದೇ ಚೌಕಟ್ಟಿನಲ್ಲಿರುವ ಕೆಲಗೇರಿಯ ಆ ಚಿತ್ರವನ್ನು ಕಡಿಮೆ ಐಎಸ್‌ಒದಲ್ಲಿ ತೆಗೆದರೆ ಅಗ್ಗದ ಬಾಡಿಯೇ ಒಂದು ಕೂದಲು ಮುಂದೆ! ಡಿ500 ಗೆದ್ದದ್ದು ಬೇರೆ ಕಡೆ: ಫೋಕಸ್ ಬಿಂದುಗಳು 51ರ ಬದಲು 153, ಸೆಕೆಂಡಿಗೆ 6ರ ಬದಲು 10 ಚಿತ್ರ. ನೀರಿಗೆ ಧುಮುಕುವ ಮಿಂಚುಳ್ಳಿಯನ್ನು ಹಿಡಿಯಬೇಕೆನ್ನುವವರಿಗೆ ಅದು ನಿಜವಾದ ಲಾಭ. ಕೂತ ಹಕ್ಕಿಯ ನಾಯ್ಸ್ ಕಡಿಮೆಯಾಗಲಿ ಎಂದು ಕೊಂಡವರಿಗೆ ಏನೂ ದಕ್ಕಲಿಲ್ಲ.

ಹಾಗಾದರೆ ಫುಲ್‌ಫ್ರೇಮ್‌ಗೆ ಹೋದರೆ?

ಇಲ್ಲಿ ಬೆಳಕಿನ ಗಣಿತ ಸ್ವಲ್ಪ ತಿಳಿಯಬೇಕು. ನಾಯ್ಸ್ ಪೂರ್ತಿ ಸೆನ್ಸರಿನ ತಪ್ಪಲ್ಲ, ಹೆಚ್ಚಿನ ಪಾಲು ಬೆಳಕಿನದೇ ಸ್ವಭಾವ. ಒಂದು ಪಿಕ್ಸೆಲ್‌ಗೆ 10,000 ಫೋಟಾನ್ ಬಿದ್ದರೆ ಅದರಲ್ಲಿ ಸುಮಾರು 100ರಷ್ಟು ಏರುಪೇರು ಸಹಜ, ಅಂದರೆ ಶೇ 1. ಬರೀ 100 ಫೋಟಾನ್ ಬಿದ್ದರೆ ಏರುಪೇರು 10, ಅಂದರೆ ಶೇ 10. ಯಾವ ಕಂಪನಿಯೂ ಇದನ್ನು ಮೀರಲಾರದು, ಹೆಚ್ಚು ಬೆಳಕು ಕೂಡಿಸುವುದೊಂದೇ ದಾರಿ. ಫುಲ್‌ಫ್ರೇಮ್ ಸೆನ್ಸರಿನ ವಿಸ್ತೀರ್ಣ 864 ಚದರ ಮಿಲಿಮೀಟರ್, ಡಿ7200ರಂಥ ಎಪಿಎಸ್-ಸಿ ಸೆನ್ಸರಿನದು ಸುಮಾರು 366. ಎರಡು ಪಟ್ಟಿಗೂ ಹೆಚ್ಚು. 2017ರ ನಿಕಾನ್ ಡಿ850ಗೆ ಅದೇ ಸಂಸ್ಥೆ ಕೊಟ್ಟ ಮಂದ ಬೆಳಕಿನ ಅಂಕ 2660, ಡಿ500ರ ಎರಡು ಪಟ್ಟು. ಲೆಕ್ಕಕ್ಕೆ ಲೆಕ್ಕ ಹೆಚ್ಚುಕಮ್ಮಿ ಸರಿಹೋಯಿತು.

ಆದರೆ ಈ ಲಾಭ ಸಿಗುವುದು ಚೌಕಟ್ಟು ತುಂಬಿದಾಗ ಮಾತ್ರ. ಕೆರೆಯ ದಂಡೆಯಲ್ಲಿ ನಿಂತವರ ನಿಜವಾದ ಕಷ್ಟ ಹಕ್ಕಿ ದೂರ ಇರುವುದು. ಅದೇ ಜಾಗ, ಅದೇ 500 ಮಿ.ಮೀ. ಲೆನ್ಸ್, ಅದೇ ಜಂಬುಕೋಳಿ. ಬಾಡಿ ಯಾವುದೇ ಇರಲಿ, ಸೆನ್ಸರಿನ ಮೇಲೆ ಆ ಹಕ್ಕಿಯ ಬಿಂಬ ಅಷ್ಟೇ ಗಾತ್ರ, ಅದರ ಮೇಲೆ ಬಿದ್ದ ಬೆಳಕೂ ಅಷ್ಟೇ. ಫುಲ್‌ಫ್ರೇಮಿನಲ್ಲಿ ಸುತ್ತಲಿನ ಜಲಕಳೆ ಇನ್ನಷ್ಟು ಬರುತ್ತದೆ, ಮನೆಗೆ ಬಂದ ಮೇಲೆ ಅದನ್ನೆಲ್ಲ ಕತ್ತರಿಸುತ್ತೇವೆ. ಡಿ850ಯ 45.7 ಮೆಗಾಪಿಕ್ಸೆಲ್‌ನಲ್ಲಿ ಎಪಿಎಸ್-ಸಿ ಗಾತ್ರಕ್ಕೆ ಕತ್ತರಿಸಿದರೆ ಉಳಿಯುವುದು 19.4. ಡಿ500ರಲ್ಲಿ ಮೊದಲೇ 20.9 ಇದೆ! ದೂರದ ಹಕ್ಕಿಯ ಮಟ್ಟಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಈ ಒಂದು ಸಂಗತಿ ಗೊತ್ತಿಲ್ಲದೆ ಲಕ್ಷಾಂತರ ರೂಪಾಯಿ ತೆತ್ತವರು ಎಷ್ಟೋ ಮಂದಿ ಇರಬೇಕು. ಆ ದುಡ್ಡನ್ನು ಲೆನ್ಸಿಗೆ ಸೇರಿಸಿ, ಅಷ್ಟೇ ಉದ್ದದ ಎಫ್5.6ರ ಬದಲು ಎಫ್4 ಲೆನ್ಸ್ ಕೊಂಡರೆ ಸೆನ್ಸರಿನಲ್ಲಿ ಹಕ್ಕಿಯ ಬಿಂಬದ ಮೇಲೆ ಬೀಳುವ ಬೆಳಕೇ ಎರಡು ಪಟ್ಟಾಗುತ್ತದೆ, ಬಾಡಿ ಹಳೆಯದಾದರೂ.

ಹುಬ್ಬಳ್ಳಿಯ ಕಲ್ಯಾಣ ಮಂಟಪದಲ್ಲಿ ಮದುವೆ ತೆಗೆಯುವವರ ಮಾತು ಬೇರೆ. ಅವರಿಗೆ ವಧು-ವರರು ಕೈಯಳತೆಯಲ್ಲಿರುತ್ತಾರೆ, ಚೌಕಟ್ಟು ತುಂಬುತ್ತದೆ. ಇಳಕಲ್ ಸೀರೆಯ ಗಾಢ ಕೆಂಪು ಸೆರಗಿನ ಮಡಿಕೆ, ಹೋಮದ ಹೊಗೆಯ ಹಿಂದಿನ ಮುಖ, ಇಂಥಲ್ಲಿ ಫುಲ್‌ಫ್ರೇಮಿನ ರಾ ಕಡತ ನೆರಳಿನಿಂದ ವಿವರ ಎತ್ತಿಕೊಡುತ್ತದೆ. ಅವರು ಖರ್ಚು ಮಾಡಿದ್ದಕ್ಕೆ ಅರ್ಥವಿದೆ.

ಹೋಲಿಕೆ ಮಾಡುವಾಗ ಕೈಕೊಡುವುದು ಸಣ್ಣ ಸಂಗತಿಗಳೇ. ಬೇರೆ ಬೇರೆ ಕಂಪನಿಗಳ ಐಎಸ್‌ಒ 3200 ಒಂದೇ ಅಲ್ಲ. ಆದ್ದರಿಂದ ಎರಡೂ ಬಾಡಿಗಳಲ್ಲಿ ಶಟರ್ ಮತ್ತು ಅಪರ್ಚರ್ ಒಂದೇ ಇರಬೇಕು, ಅದೇ ನಿಮಿಷದ ಅದೇ ಬೆಳಕಿರಬೇಕು. ಮೋಡ ಸರಿದರೆ ಪರೀಕ್ಷೆ ಕೆಟ್ಟಂತೆ. ಸ್ಟ್ಯಾಂಡಿನ ಮೇಲೆ ಇಟ್ಟು, ಅಲುಗದ ವಸ್ತುವನ್ನೇ ತೆಗೆಯುವುದು ವಾಸಿ. ಎರಡೂ ಕಡತಗಳನ್ನು ಒಂದೇ ಸಾಫ್ಟ್‌ವೇರಿನಲ್ಲಿ ತೆರೆಯಬೇಕು. ಉದಾಹರಣೆಗೆ ಅಡೋಬಿಯ ಲೈಟ್‌ರೂಮಿನಲ್ಲಿ ರಾ ಕಡತವನ್ನು ತೆರೆದೊಡನೆ ಬಣ್ಣದ ನಾಯ್ಸ್ ತೆಗೆಯುವ ಪಟ್ಟಿ ತಾನಾಗಿಯೇ 25ಕ್ಕೆ ನಿಂತಿರುತ್ತದೆ. ಅದನ್ನು ಸೊನ್ನೆಗೆ ಎಳೆದ ಮೇಲೆಯೇ ಸೆನ್ಸರಿನ ನಿಜ ಮುಖ ಕಾಣುವುದು. ಕೊನೆಗೆ ಎರಡೂ ಚಿತ್ರಗಳನ್ನು ಒಂದೇ ಗಾತ್ರಕ್ಕೆ ಇಳಿಸಬೇಕು. 100 ಪ್ರತಿಶತ ಹಿಗ್ಗಿಸಿ ನೋಡಿದರೆ ಒಂದೇ ಗಾತ್ರದ ಸೆನ್ಸರುಗಳಲ್ಲಿ 45 ಮೆಗಾಪಿಕ್ಸೆಲ್ ಚಿತ್ರ 20ರದ್ದಕ್ಕಿಂತ ಕೆಟ್ಟದಾಗಿ ಕಾಣುವುದು ಸಹಜ, ಏಕೆಂದರೆ ಅದನ್ನು ಹೆಚ್ಚು ಹತ್ತಿರದಿಂದ ನೋಡುತ್ತಿರುತ್ತೇವೆ. ಗೋಡೆಗೆ ಹಾಕುವ ಪ್ರಿಂಟಿನಲ್ಲಿ ಆ ದೋಷ ಇರುವುದೇ ಇಲ್ಲ.

ರಾ ಎಂದರೆ ಏನೂ ಬೆರೆಸದ್ದು ಎಂದು ಪೂರ್ತಿ ನಂಬಲೂ ಆಗದು. 2020ರ ಕ್ಯಾನನ್ ಆರ್5 ಕಡಿಮೆ ಐಎಸ್‌ಒದಲ್ಲಿ ರಾ ಕಡತದೊಳಗೇ ನಾಯ್ಸ್ ತಗ್ಗಿಸುತ್ತದೆ ಎಂಬುದನ್ನು ಸ್ವತಂತ್ರ ಅಳತೆಗಳು ತೋರಿಸಿವೆ. ಬರೀ ಅಂಕಿ ನೋಡಿ ತೀರ್ಮಾನಿಸದೆ ಕಣ್ಣಿಂದಲೂ ನೋಡಬೇಕೆನ್ನುವುದು ಇದಕ್ಕೇ.

ಹೊಸದೆಲ್ಲ ಉತ್ತಮ ಎಂಬ ನಂಬಿಕೆಯೂ ಈಗ ನಿಲ್ಲುವುದಿಲ್ಲ. 2024ರ ನಿಕಾನ್ ಝಡ್6 III ವೇಗಕ್ಕಾಗಿ ಹೊಸ ಬಗೆಯ ಸೆನ್ಸರ್ ತಂದಿತು. ಕಡಿಮೆ ಐಎಸ್‌ಒದಲ್ಲಿ ಅದರ ಡೈನಾಮಿಕ್ ರೇಂಜ್ ಹಿಂದಿನ ಝಡ್6 IIಕ್ಕಿಂತ ಕಡಿಮೆ. ಸೋನಿ ಎ9 III ಇಡೀ ಸೆನ್ಸರನ್ನು ಒಮ್ಮೆಗೇ ಓದುವ ಗ್ಲೋಬಲ್ ಶಟರ್ ತಂದಿತು, ಬಡಿಯುವ ರೆಕ್ಕೆ ಸೊಟ್ಟಗಾಗುವುದಿಲ್ಲ. ಅದಕ್ಕೆ ಪ್ರತಿಯಾಗಿ ಅದರ ಐಎಸ್‌ಒ ಆರಂಭವಾಗುವುದೇ 250ರಿಂದ. ಕಳೆದ ಹತ್ತು ವರ್ಷಗಳಲ್ಲಿ ಕಂಪನಿಗಳು ಬೆವರು ಸುರಿಸಿದ್ದು ಹೆಚ್ಚಾಗಿ ವೇಗ ಮತ್ತು ಫೋಕಸ್ ಮೇಲೆ. ಹಕ್ಕಿಯ ಕಣ್ಣನ್ನು ತಾನೇ ಗುರುತಿಸಿ ಹಿಡಿಯುವ ಫೋಕಸ್ ಅದ್ಭುತವೇ ಸರಿ. ಅದಕ್ಕಾಗಿ ಬಾಡಿ ಬದಲಿಸುವವರು ಬದಲಿಸಲಿ. ಆದರೆ ಅದು ರಾ ಗುಣಮಟ್ಟದ ಸುಧಾರಣೆ ಅಲ್ಲ.

ನಿಮ್ಮ ದೂರು ನಾಯ್ಸ್ ಒಂದೇ ಆಗಿದ್ದರೆ ಇನ್ನೊಂದು ದಾರಿಯೂ ಇದೆ. 2023ರ ಏಪ್ರಿಲ್‌ನಲ್ಲಿ ಅಡೋಬಿ ಲೈಟ್‌ರೂಮ್‌ಗೆ ಕೃತಕ ಬುದ್ಧಿಮತ್ತೆಯಿಂದ ನಾಯ್ಸ್ ತೆಗೆಯುವ ಸೌಲಭ್ಯ ಬಂತು. ಅದು ಕೆಲಸ ಮಾಡುವುದು ನೇರ ರಾ ಕಡತದ ಮೇಲೆ. ಡಿ7200ರಲ್ಲಿ ಐಎಸ್‌ಒ 6400ರಲ್ಲಿ ತೆಗೆದ ಹಳೆಯ ಮಿಂಚುಳ್ಳಿ ಈಗ ಪ್ರಿಂಟ್ ಹಾಕಿಸುವಷ್ಟು ಹಸನಾಗಬಲ್ಲದು. ಜೆಪೆಗ್ ಮಾತ್ರ ಉಳಿಸಿಕೊಂಡವರಿಗೆ ಆ ಭಾಗ್ಯವಿಲ್ಲ.

ಹೊಸ ಬಾಡಿ ನೋಡುತ್ತಿರುವವರಲ್ಲಿ ಇಷ್ಟು ವಿನಂತಿ. ಅದನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೋ ಗೆಳೆಯರಿಂದಲೋ ತನ್ನಿ. ನಿಮ್ಮದೇ ಲೆನ್ಸ್ ಹಾಕಿ, ಬೆಳಗಿನ ಏಳರ ಬೆಳಕಿನಲ್ಲಿ ಹಳೆಯದು ಹೊಸದು ಎರಡರಲ್ಲೂ ಒಂದೇ ಕೊಂಬೆಯನ್ನು ತೆಗೆಯಿರಿ. ಒಂದೇ ಗಾತ್ರಕ್ಕೆ ಇಳಿಸಿದ ಎರಡು ಪ್ರಿಂಟ್‌ಗಳನ್ನು ಮನೆಯವರ ಮುಂದಿಡಿ. ಯಾವುದು ಯಾವ ಬಾಡಿಯದೆಂದು ಅವರಿಗೆ ಹೇಳಲಾಗದಿದ್ದರೆ ಆ ಹಣವನ್ನು ಲೆನ್ಸಿಗೆ ಎತ್ತಿಡಿ.